ಸೀಟಿನ ಕೆಳಗಿನ ಪೆಟ್ಟಿಗೆ

ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ 8 ಗಂಟೆ 40 ನಿಮಿಷ. ಕೃಷಿ ಯಂತ್ರಗಳ ಕಾರ್ಖಾನೆಯ ಪರೀಕ್ಷಾ ಅಂಗಳದ ಮ್ಯಾನೇಜರ್ ಠಾಣೆಗೆ ಬಂದು, ಕೂರಲು ಹೇಳುವ ಮೊದಲೇ ಕೂತು, ದೂರು ಬರೆದುಕೊಟ್ಟ. ಕಳುವಾದದ್ದು ಇಟ್ಟಿಗೆಯಷ್ಟು ದೊಡ್ಡದೊಂದು ಪೆಟ್ಟಿಗೆ. ಟೈರಿನ ಬದಲು ರಬ್ಬರ್ ಚೈನಿನ ಮೇಲೆ ಓಡುವ ಹೊಸ ಕಟಾವು ಯಂತ್ರದಲ್ಲಿ, ಚಾಲಕನ ಸೀಟಿನ ಕೆಳಗೆ ಇದ್ದು, ಅವನಿಗೆ ತಗಲುವ ಒಂದೊಂದು ಕುಲುಕನ್ನೂ ಅಂಕಿಯಾಗಿ ಬರೆದಿಡುವ ರೆಕಾರ್ಡರ್.

"ಅದಿಲ್ಲದಿದ್ರೆ ಏನು ತೊಂದರೆ?" ಇನ್‌ಸ್ಪೆಕ್ಟರ್ ಕೇಳಿದಳು.

"ಗುರುವಾರ ನಿರ್ದೇಶಕರ ಸಭೆ ಮೇಡಂ. ಈ ಮಷಿನ್‌ಗೆ ಕುಲುಕು ತಡೆಯೋ ಹೊಸ ಸಸ್ಪೆನ್ಷನ್ ಹಾಕಿದೀವಿ. ಇದನ್ನ ತಯಾರಿಸೋದೋ, ಹಳೇ ಬಿಗಿ ಚಕ್ರದ್ದೇ ಸಾಕೋ ಅಂತ ಆ ಅಂಕಿ ನೋಡಿ ತೀರ್ಮಾನ ಮಾಡ್ತಾರೆ."

"ಅಂಕಿ ಸಿಗದಿದ್ರೆ?"

"ಅವರೇ ಬಂದು ಎರಡೂ ಮಷಿನ್ ಮೇಲೆ ಕೂತು ನೋಡ್ಬೇಕು. ನಿಯಮ ಹಾಗಿದೆ. ಅಂಕಿ ಇದ್ದಾಗ ಯಾರು ಬರ್ತಾರೆ ಹೇಳಿ?"

9:15ಕ್ಕೆ ಎಫ್‌ಐಆರ್ ದಾಖಲಾಯಿತು. 10:05ಕ್ಕೆ ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್ಸ್‌ಟೆಬಲ್ ಅಂಗಳದಲ್ಲಿದ್ದರು. ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ನಾಲ್ವರ ಬಳಿ: ಮ್ಯಾನೇಜರ್, ವಿನ್ಯಾಸ ಮಾಡಿದ ಎಂಜಿನಿಯರ್, ಫಿಟ್ಟರ್ ಮತ್ತು ಚಾಲಕ.

ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್ಸ್‌ಟೆಬಲ್ ಪೆನ್ನು ನಿಲ್ಲಿಸಿದ. ರೆಕಾರ್ಡರ್ ತೆಗೆಯಲು, ಚಾಲಕ ಕಾಲಿಡುವ ಜಾಗದ ಬಳಿ ಪುಟ್ಟ ಬಾಗಿಲೊಂದಿತ್ತು. ಮಂಡಿಯೂರಿ ಕೈ ಹಾಕಿದರೆ ಎರಡೇ ನಿಮಿಷದ ಕೆಲಸ. ಆದರೆ ಅದರ ತಿರುಪುಗಳ ಮೇಲೆ ಒಣಗಿದ ಕೆಸರು ಹಾಗೇ ಇತ್ತು. ಅದರ ಬದಲು ಸೀಟಿನ ಮುಂದಿನ ಎರಡು ಬೋಲ್ಟ್‌ಗಳ ಮೇಲೆ ಬಿಳಿ ಬಣ್ಣದ ಹೊಸ ಗೆರೆಗಳಿದ್ದವು. ಆ ಎರಡನ್ನು ಬಿಚ್ಚಿದರೆ ಸೀಟು ಹಿಂದಕ್ಕೆ ಮಗುಚಿಕೊಳ್ಳುತ್ತದೆ. ನಿಂತಲ್ಲಿಂದಲೇ ಪೆಟ್ಟಿಗೆ ಕೈಗೆ ಸಿಗುತ್ತದೆ.

"ಬಿಚ್ಚಿದ ಬೋಲ್ಟ್ ಬಿಗಿದ ಮೇಲೆ ಗೆರೆ ಎಳೀಲೇಬೇಕು," ಎಂದ ಎಂಜಿನಿಯರ್. "ಗೆರೆ ತುಂಡಾಗಿ ಕಂಡರೆ ಬೋಲ್ಟ್ ಸಡಿಲಾಗಿದೆ ಅಂತ ಅರ್ಥ. ಇಲ್ಲಿ ಎಲ್ಲರಿಗೂ ಅದು ಕೈಗಂಟಿದ ಅಭ್ಯಾಸ."

ಹೆಡ್ ಕಾನ್ಸ್‌ಟೆಬಲ್ ತಲೆ ಕೊಡವಿದ. "ಕದ್ದು ಬಾಗಿಲು ಹಾಕ್ಕೊಂಡು ಹೋದ ಕಳ್ಳರನ್ನ ನೋಡಿದೀನಿ ಮೇಡಂ. ಬಣ್ಣ ಬಳಿದು ಹೋದವನು ಇವನೇ ಮೊದಲು."

ಫಿಟ್ಟರ್‌ಗೆ ಸಿಟ್ಟು ಬಂದಿತ್ತು. "ನಾನು ಕದಿಯೋದಾದ್ರೆ ಬಾಗಿಲಿಂದ ತೆಗೀತಿದ್ದೆ. ಸೀಟು ಬಿಚ್ಚೋಕೆ ನನಗೇನು ತಲೆ ಕೆಟ್ಟಿದೆಯಾ?"

ಅವನ ಮಾತಲ್ಲಿ ಹುರುಳಿತ್ತು. ಇನ್‌ಸ್ಪೆಕ್ಟರ್ ಅದನ್ನು ಗುರುತು ಹಾಕಿಕೊಂಡಳು.

ಯಂತ್ರವನ್ನು ಅರಿಯದೆ ಕಳ್ಳನನ್ನು ಅರಿಯಲಾಗದು ಎನಿಸಿ ಆಕೆ ಅದರಡಿಗೆ ತೆವಳಿದಳು. ಎಂಜಿನಿಯರ್ ಟಾರ್ಚ್ ಹಿಡಿದ. ಅಲ್ಲಿ ಸುರುಳಿ ಸ್ಪ್ರಿಂಗೇ ಇರಲಿಲ್ಲ. ಪ್ರತಿ ಚಕ್ರಕ್ಕೂ ಮಣಿಕಟ್ಟಿನಷ್ಟು ದಪ್ಪದ ಒಂದು ಉಕ್ಕಿನ ಸರಳು, ಯಂತ್ರದ ಅಡಿಯಲ್ಲಿ ಅಡ್ಡಡ್ಡ ಮಲಗಿತ್ತು. ಅದರ ಒಂದು ತುದಿ ಒಡಲಿಗೆ ಬಿಗಿದದ್ದು, ಇನ್ನೊಂದು ಚಕ್ರದ ತೋಳಿಗೆ.

"ಚಕ್ರ ಮೇಲೆದ್ದಾಗ ಸರಳು ತಿರುಚಿಕೊಳ್ಳತ್ತೆ. ಚಕ್ರ ಇಳಿದಾಗ ಬಿಚ್ಚಿಕೊಳ್ಳತ್ತೆ. ಅಷ್ಟೇ."

ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಆಕೆ ಗೇಣುದ್ದದ ತಂತಿಯನ್ನು ತಿರುಚಿ ಅಳೆದಿದ್ದಳು. ಅದೇ ನಿಯಮ ಇಲ್ಲಿ ಆರು ಟನ್ ಭಾರವನ್ನು ಬೆನ್ನ ಮೇಲೆ ಹೊತ್ತು ಸದ್ದಿಲ್ಲದೆ ಮಲಗಿತ್ತು. ಆಕೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಅಲ್ಲಿದ್ದಳು.

11:20ಕ್ಕೆ ಚಾಲಕನ ಸರದಿ. ಇಪ್ಪತ್ತಾರು ವರ್ಷದಿಂದ ಇಲ್ಲಿನ ಯಂತ್ರಗಳನ್ನೆಲ್ಲ ಮೊದಲು ಓಡಿಸುವವನು. ಎಲ್ಲರ ಬಾಯಲ್ಲೂ ಸೀಟಣ್ಣ. ಆಕೆ ಅವನ ಸೇವಾ ಕಡತ ತಿರುವಿದಳು. ಒಂದೂ ಕಪ್ಪು ಚುಕ್ಕೆಯಿಲ್ಲ. ನೇಮಕದ ದಿನದ ತೂಕ 64 ಕೆ.ಜಿ., ಎತ್ತರ 172 ಸೆಂ.ಮೀ.

"ಹಳೇದು, ಹೊಸದು ಎರಡರಲ್ಲೂ ನನ್ನನ್ನ ಕರ್ಕೊಂಡು ಹೋಗಿ," ಎಂದಳು.

ಅಂಗಳದಲ್ಲಿ ಮೊಣಕಾಲಿನ ಅರ್ಧದಷ್ಟು ಎತ್ತರದ ದಿಮ್ಮಿಗಳನ್ನು ಸಾಲಾಗಿ ಹೂತಿದ್ದರು. ಚಾಲಕನ ಪಕ್ಕದ ಮಡಚು ಕುರ್ಚಿಯಲ್ಲಿ ಆಕೆ ಕೂತಳು. ಹಳೇ ಯಂತ್ರ ಒಂದೊಂದು ದಿಮ್ಮಿ ದಾಟಿದಾಗಲೂ ಆಕೆಯ ಹಲ್ಲಿಗೆ ಹಲ್ಲು ಬಡಿಯಿತು. ಬೆನ್ನುಹುರಿಗೆ ಕೆಳಗಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದಂತಾಯಿತು. ಆಮೇಲೆ ಹೊಸದು. ಆಕೆ ಕುರ್ಚಿಯ ಪಕ್ಕದ ಹಿಡಿಯನ್ನು ಬಿಗಿಯಾಗಿ ಹಿಡಿದು ಕಾದಳು. ಹೊಡೆತ ಬರಲಿಲ್ಲ. ಬಗ್ಗಿ ನೋಡಿದರೆ, ಕೆಳಗೆ ಚಕ್ರಗಳು ಒಂದರ ಹಿಂದೊಂದು ದಿಮ್ಮಿ ಹತ್ತಿ ಇಳಿಯುತ್ತಿದ್ದವು. ಮೇಲೆ ಸೀಟಣ್ಣನ ಲೋಟದ ಚಹಾ ಅಂಚಿನವರೆಗೆ ಬಂದು, ಯೋಚಿಸಿ, ಹಿಂದೆ ಸರಿಯುತ್ತಿತ್ತು. ಒಡಲು ತೆಪ್ಪದಂತೆ ತೇಲಿತು. ಆಕೆ ಹಿಡಿ ಬಿಟ್ಟು ಆ ಚಹಾವನ್ನೇ ನೋಡುತ್ತ ಕೂತಳು.

"ಮೊದಲ ದಿನ ನಾನೂ ಹೀಗೇ ಬಾಯಿ ಬಿಟ್ಕೊಂಡು ಕೂತಿದ್ದೆ," ಎಂದ ಅವನು.

ಯಂತ್ರ ನಿಂತಿತು. ಆಕೆಯ ಪೆನ್ನು ಜಾರಿ ಅವನ ಪಾದದ ಬಳಿ ಬಿತ್ತು. ಅದು ಉರುಳದಂತೆ ಅವನು ಬೂಟನ್ನು ಅಡ್ಡವಿಟ್ಟ, ಬಗ್ಗಲಿಲ್ಲ.

"ನೀವೇ ತಗೊಳ್ಳಿ ಮೇಡಂ. ನನ್ನ ಸೊಂಟಕ್ಕೆ ಯಾರ ಮುಂದೆಯೂ ಬಗ್ಗದಷ್ಟು ಸ್ವಾಭಿಮಾನ."

"ಮಂಡಿಯೂರೋಕೂ ಆಗಲ್ವಾ?"

"ಊರಬಹುದು. ಎಬ್ಬಿಸೋಕೆ ಇಬ್ಬರು ಬೇಕು."

ಆಕೆ ಪೆನ್ನು ಎತ್ತಿಕೊಂಡಳು. ಕಾಲಿನ ಬಳಿಯ ಪುಟ್ಟ ಬಾಗಿಲನ್ನು ನೋಡಿದಳು, ಸೀಟಿನ ಬೋಲ್ಟ್ ಮೇಲಿನ ಬಿಳಿ ಗೆರೆಯನ್ನು ನೋಡಿದಳು.

"ಅಣ್ಣಾ, ಸೀಟು ಬಿಚ್ಚಿದ್ದು ಯಾವಾಗ?"

ಅವನು ಎಂಜಿನ್ ಆರಿಸಿದ. "ನಿನ್ನೆ. ಬೆಳಿಗ್ಗೆ ಆರೂವರೆಗೆ."

"ಯಾಕೆ?"

"ಎಂಟು ಕಿಲೋಮೀಟರ್ ವೇಗಕ್ಕೆ ಬಂದ್ರೆ ಇದು ಒಂದಿಷ್ಟು ತಲೆದೂಗತ್ತೆ. ಕಟಾವು ಮಾಡೋದು ನಾಲ್ಕರಲ್ಲಿ. ಆದ್ರೆ ಸಭೆಗೆ ಹೋಗೋದು ಒಂದೇ ಅಂಕಿ, ಇದ್ದದ್ದರಲ್ಲಿ ಕೆಟ್ಟದ್ದು. ಅದನ್ನ ನೋಡಿ ಬೇಡ ಅಂತಿದ್ರು. ಪೆಟ್ಟಿಗೆ ಸುಳ್ಳು ಹೇಳಲ್ಲ ಮೇಡಂ. ಅದಕ್ಕೆ ಬೆನ್ನಿಲ್ಲ, ಅಷ್ಟೇ."

"ಹಾಗಾಗಿ ಅವರೇ ಬಂದು ಕೂರಲಿ ಅಂತ."

"ಒಂದೇ ಸಲ. ನನ್ನ ಮಗಳು ಮುಂದಿನ ತಿಂಗಳು ಇಲ್ಲಿ ಚಾಲಕಿಯಾಗಿ ಸೇರ್ತಾಳೆ. ನಮ್ಮಮ್ಮನ ಹಾಗೆ ನೆಟ್ಟಗೆ ನಡೀತಾಳೆ. ಅವಳಿಗೆ ಯಾವ ಸೀಟು ಅನ್ನೋದು ಗುರುವಾರ ತೀರ್ಮಾನ ಆಗತ್ತೆ."

12:35ಕ್ಕೆ, ಪಂಚರ ಎದುರು, ಅವನ ಲಾಕರ್‌ನಿಂದ ಪೆಟ್ಟಿಗೆ ಜಪ್ತಿಯಾಯಿತು. ಅದನ್ನು ಅಗಲವಾದ ಸೊಂಟದ ಪಟ್ಟಿಯಲ್ಲಿ ಸುತ್ತಿಟ್ಟಿದ್ದ. ಹಳೇ ಯಂತ್ರ ಹತ್ತುವಾಗ ಅವನು ಕಟ್ಟಿಕೊಳ್ಳುತ್ತಿದ್ದ ಪಟ್ಟಿ ಅದು.

ಮ್ಯಾನೇಜರ್ ಕೈ ಚಾಚಿದ. "ಅಬ್ಬಾ, ಬದುಕಿಕೊಂಡೆ. ಕೊಡಿ ಮೇಡಂ."

"ಇದು ಈಗ ಸಾಕ್ಷ್ಯ. ನ್ಯಾಯಾಲಯ ಹೇಳೋವರೆಗೆ ಮುದ್ರೆ ಒಡೆಯೋ ಹಾಗಿಲ್ಲ. ಅರ್ಜಿ ಹಾಕಿ. ಹತ್ತು ದಿನ ಹಿಡಿಯಬಹುದು."

"ಗುರುವಾರದ ಸಭೆಗೆ?"

"ನಿಯಮ ಬೆಳಿಗ್ಗೆ ನೀವೇ ಹೇಳಿದ್ರಲ್ಲ."

ಹೆಡ್ ಕಾನ್ಸ್‌ಟೆಬಲ್ ಅರಗು ಕಾಯಿಸಿ ಮುದ್ರೆ ಒತ್ತಿದ. ಸೀಟಣ್ಣ ಅದು ಗಟ್ಟಿಯಾಗುವವರೆಗೂ ನೋಡುತ್ತ ನಿಂತಿದ್ದ.

ಮಧ್ಯಾಹ್ನ 2:10ಕ್ಕೆ ಬಂಧನ ದಾಖಲಾಯಿತು. ಗುರುತಿನ ವಿವರಕ್ಕಾಗಿ ಅವನನ್ನು ಠಾಣೆಯ ಗೋಡೆಯ ಅಳತೆಪಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿದರು.

"ನೆಟ್ಟಗೆ ನಿಂತ್ಕೊಳ್ಳಣ್ಣ," ಎಂದ ಹೆಡ್ ಕಾನ್ಸ್‌ಟೆಬಲ್.

"ಇದೇ ನೆಟ್ಟಗೆ."

ಎರಡು ಸಲ ಅಳೆದರು. ಮೇಜಿನ ಮೇಲೆ ಸೇವಾ ಕಡತ ನೇಮಕದ ದಿನದ ಪುಟಕ್ಕೆ ತೆರೆದೇ ಇತ್ತು. ಇನ್‌ಸ್ಪೆಕ್ಟರ್ ಅದರತ್ತ ಒಮ್ಮೆ ನೋಡಿ, ಬಂಧನ ಪತ್ರದ ಖಾಲಿ ಜಾಗದಲ್ಲಿ ತಾನೇ ಬರೆದಳು: ಎತ್ತರ 168 ಸೆಂ.ಮೀ.