ಸೋಪಿನ ವರ್ಷಗಳು

ಹಾಲಮ್ಮನ ಬಾಯೊಳಗೆ ಯಂತ್ರದ ಬೆರಳು ಸದ್ದಿಲ್ಲದೆ ಸಂಚರಿಸುತ್ತಿತ್ತು. ಎಪ್ಪತ್ತೆಂಟು ವರ್ಷದ ಆ ಬಾಯಲ್ಲಿ ಉಳಿದಿದ್ದವು ಏಳೇ ಹಲ್ಲು. ಅವುಗಳಲ್ಲಿ ಗಟ್ಟಿಯಾದ ಒಂದು ದವಡೆಹಲ್ಲನ್ನು ಆರಿಸಿಕೊಂಡು, ಅದರ ಬೇರಿನ ಸುತ್ತ ಕಣ್ಣಿಗೆ ಕಾಣದ ಬೆಳಕನ್ನು ಹಾಯಿಸಿ, ಯಂತ್ರವು ಅರ್ಧ ನಿಮಿಷದಲ್ಲಿ ತನ್ನ ತೀರ್ಪನ್ನು ಕೊಟ್ಟಿತು. ಗೋಡೆಯ ಮೇಲೆ ಹಸಿರು ದೀಪ ಹೊತ್ತಿಕೊಂಡಿತು.

“ಸಂತೋಷದ ಸುದ್ದಿ, ಅಮ್ಮ. ಹೆದರುವಂಥದ್ದು ಏನೂ ಇಲ್ಲ” ಎಂದರು ವಿಜ್ಞಾನಿ ಫಿರ್ದೋಸ್ ಬಾನು.

ಹಾಲಮ್ಮನ ಮುಖದಲ್ಲಿ ಸಂತೋಷ ಕಾಣಲಿಲ್ಲ. “ಇನ್ನೊಂದು ಸಲ ನೋಡಿ, ಡಾಕ್ಟರಮ್ಮ. ಯಂತ್ರ ಅಂದಮೇಲೆ ತಪ್ಪೋದೂ ಉಂಟು.”

“ಮೂರು ಸಲ ನೋಡಿದೆ.”

“ಹಾಗಾದರೆ ಪಕ್ಕದ ಹಲ್ಲು ನೋಡಿ.”

ಯಂತ್ರದ ಹೆಸರು ದಂತಸ್ಮೃತಿ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಮೂಡುವಂತೆ, ಮನುಷ್ಯನ ಹಲ್ಲಿನ ಬೇರಿನ ಮೇಲೂ ವರ್ಷಕ್ಕೊಂದು ತೆಳುಪದರ ಕೂಡಿಕೊಳ್ಳುತ್ತದೆ. ಆಯಾ ವರ್ಷ ದೇಹವನ್ನು ಹೊಕ್ಕ ವಿಕಿರಣಶೀಲ ಧೂಳಿನ ಅಂಶವು ಆಯಾ ವರ್ಷದ ಪದರದಲ್ಲೇ ಸೆರೆಯಾಗಿ ಉಳಿಯುತ್ತದೆ. ಹಲ್ಲನ್ನು ಕೀಳದೆ ಆ ಪದರಗಳನ್ನು ಓದುವ ವಿದ್ಯೆ ಫಿರ್ದೋಸ್ ಅವರದು. ಕಾಗೆಕಲ್ಲಿನ ಯುರೇನಿಯಂ ಅದಿರಿನ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷಗಳಾದ ಮೇಲೆ ಪರಿಹಾರ ಮಂಡಳಿಯು ಈ ಯಂತ್ರವನ್ನು ಊರಿಗೆ ತಂದಿತ್ತು. ಕೆಂಪು ದೀಪ ಹೊತ್ತಿದವರಿಗೆ ನೀಲಿ ಕಾರ್ಡು. ನೀಲಿ ಕಾರ್ಡಿನವರಿಗೆ ಪರಿಹಾರಧನ ಮತ್ತು ಬದುಕಿರುವಷ್ಟು ಕಾಲ ಮಂಡಳಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ. ಆದರೆ ಕಾಗೆಕಲ್ಲಿನ ಜನ ಆ ಕಾರ್ಡನ್ನು ಪದಕವೆಂದು ಭಾವಿಸಿಬಿಟ್ಟರು. ಕೆಂಪು ದೀಪದವರು ಎದೆಯುಬ್ಬಿಸಿ ಹೊರಬಂದರೆ, ಹಸಿರು ದೀಪದವರು ತಲೆತಗ್ಗಿಸಿ ಹಿತ್ತಿಲ ಬಾಗಿಲಿನಿಂದ ಮನೆ ಸೇರುತ್ತಿದ್ದರು.

ಹಾಲಮ್ಮನ ಸಂಕಟಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಕಾರಣವು ಎದುರಿನ ಬೆಂಚಿನ ಮೇಲೆ ಬೆನ್ನು ನೇರಮಾಡಿ ಕುಳಿತಿತ್ತು. ಅವಳ ಓರಗಿತ್ತಿ ವಿಶಾಲಾಕ್ಷಿಗೆ ಆಗತಾನೆ ಕೆಂಪು ದೀಪ ಹೊತ್ತಿತ್ತು.

ಇದು ಯಾವ ನ್ಯಾಯ? ಕಾರ್ಖಾನೆಯಲ್ಲಿ ದುಡಿದವನು ಹಾಲಮ್ಮನ ಗಂಡ ರುದ್ರಮುನಿ. ವಿಶಾಲಾಕ್ಷಿಯ ಗಂಡ ಶಾಲೆಯ ಮೇಷ್ಟ್ರು, ಸೀಮೆಸುಣ್ಣದ ಧೂಳಲ್ಲದೆ ಬೇರೆ ಧೂಳನ್ನು ಕಂಡವನಲ್ಲ. ಇಬ್ಬರೂ ಈಗಿಲ್ಲ. ಹಾಲಮ್ಮ ಸೊಸೆಯಾಗಿ ಬಂದ ಮನೆಗೆ ಎರಡು ವರ್ಷದ ಅನಂತರ ಬಂದ ಈ ಹೆಣ್ಣು, ಕೆನ್ನೆಯ ಗುಳಿ ತೋರಿಸಿ ಅತ್ತೆಯನ್ನು ಒಲಿಸಿಕೊಂಡಳು. ಮೊದಲು ಗಂಡುಮಗುವನ್ನು ಹೆತ್ತಳು. ಈಗ ಹಾಲಮ್ಮನಿಗೆ ಸಲ್ಲಬೇಕಾದ ಕಾಯಿಲೆಯನ್ನೂ ಕಸಿದುಕೊಂಡಿದ್ದಳು!

“ಒಂದು ತೊಡಕಿದೆ” ಎಂದರು ಫಿರ್ದೋಸ್, ಇಬ್ಬರನ್ನೂ ಹತ್ತಿರ ಕರೆದು. “ವಿಶಾಲಾಕ್ಷಮ್ಮನವರ ಹಲ್ಲಿನಲ್ಲಿ ಹದಿನಾಲ್ಕು ವರ್ಷಗಳ ಕೆಂಪು ಉಂಗುರಗಳಿವೆ. ಮೂತ್ರಪಿಂಡಗಳೂ ಸೋತಿವೆ. ಕೂಡಲೇ ಚಿಕಿತ್ಸೆ ಆಗಬೇಕು. ಆದರೆ ಇವರು ಕೆಲಸಗಾರರ ಹೆಂಡತಿಯಲ್ಲ. ಧೂಳು ಯಾವ ದಾರಿಯಿಂದ ಮೈಸೇರಿತು ಎಂಬುದಕ್ಕೆ ಸಾಕ್ಷಿ ಇಲ್ಲದೆ ಮಂಡಳಿ ಕಾರ್ಡು ಕೊಡುವುದಿಲ್ಲ. ಕೆಲಸದ ಬಟ್ಟೆ ಒಗೆದವರ ಮೈಗೇ ಧೂಳು ಹೆಚ್ಚು ಸೇರಿರುವುದನ್ನು ನಾವು ಮನೆ ಮನೆಯಲ್ಲೂ ಕಂಡಿದ್ದೇವೆ. ಹಾಲಮ್ಮನವರೇ, ಗಂಡನ ಬಟ್ಟೆಗಳನ್ನೆಲ್ಲ ನೀವೇ ಒಗೆಯುತ್ತಿದ್ದಿರಿ ಎಂದು ಅರ್ಜಿಯಲ್ಲಿ ಬರೆಸಿದ್ದೀರಿ.”

“ಹೌದು. ಗಂಡನ ಬಟ್ಟೆ ಹೆಂಡತಿಯಲ್ಲದೆ ಊರವರು ಒಗೀತಾರೆಯೇ?”

ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಕಿಟಕಿಯ ಕಡೆಗಿತ್ತು. ತನ್ನ ಗಂಡನ ಬಟ್ಟೆಯನ್ನು ಇನ್ನೊಬ್ಬಳು ಒಗೆದಳೆಂದು ಸರ್ಕಾರದ ಕಾಗದದಲ್ಲಿ ಬರೆಸುವುದಕ್ಕಿಂತ ಉಳಿದ ಏಳು ಹಲ್ಲನ್ನೂ ಕೀಳಿಸಿಕೊಳ್ಳಲು ಅವಳು ಸಿದ್ಧಳಿದ್ದಳು.

ಫಿರ್ದೋಸ್ ವಿಶಾಲಾಕ್ಷಿಯ ಕಡೆ ತಿರುಗಿದರು. “ನೀವು ಏನು ಹೇಳುತ್ತೀರಿ?”

ವಿಶಾಲಾಕ್ಷಿ ಸೆರಗನ್ನು ಸರಿಮಾಡಿಕೊಂಡಳು. “ಅಕ್ಕ ಬರೆಸಿದ್ದಾಳೆ ಅಂದಮೇಲೆ ಅದೇ ಸರಿ ಇರಬೇಕು. ಎಷ್ಟೋ ವರ್ಷದ ಮಾತು. ನನಗೆ ಅದೊಂದೂ ನೆನಪಿಲ್ಲ.”

“ನೆನಪಿಲ್ಲವೇ?” ಹಾಲಮ್ಮ ಕುರ್ಚಿಯಿಂದ ಎದ್ದೇ ನಿಂತಳು. “ನನ್ನ ಸೋಪು ಕಿತ್ತುಕೊಂಡದ್ದು ನಿನಗೆ ನೆನಪಿಲ್ಲವೇನೇ?”

“ಯಾವ ಸೋಪು?” ಎಂದರು ಫಿರ್ದೋಸ್.

“ಕಾರ್ಖಾನೆಯವರು ಬಟ್ಟೆ ಒಗೆಯೋದಕ್ಕೆ ಅಂತ ವಾರಕ್ಕೆ ಎರಡು ಕೊಡ್ತಿದ್ದರು, ಡಾಕ್ಟರಮ್ಮ. ಗುಲಾಬಿ ಬಣ್ಣ, ಗಂಧದ ವಾಸನೆ. ಒಗೆದವರಿಗೆ ಸೋಪು ಅಂತ ನಮ್ಮತ್ತೆಯ ನೇಮ. ಒಂದರಲ್ಲಿ ಒಗೆದು ಇನ್ನೊಂದನ್ನ ಮೈಗೆ ಇಟ್ಟುಕೊಳ್ಳಬಹುದಿತ್ತು. ಇವಳು ಬಂದ ವರ್ಷವೇ ನಮ್ಮ ಮನೆಯವರು ಕಾರ್ಖಾನೆ ಸೇರಿದ್ದು. ದೀಪಾವಳಿ ಮುಗಿದ ಸೋಮವಾರ, ಮೊದಲನೇ ಸಲದ ಬಟ್ಟೆ ಬಂದಾಗಲೇ, ‘ಅಕ್ಕ ಒಗೆದರೆ ಕಾಲರಿನ ಮಣ್ಣು ಹೋಗಲ್ಲ, ಅತ್ತೆ’ ಅಂದಳು. ಅತ್ತೆ ಬಟ್ಟೆಯನ್ನೂ ಸೋಪನ್ನೂ ಇವಳ ಕೈಗೆ ಕೊಟ್ಟುಬಿಟ್ಟರು. ಅಲ್ಲಿಂದ ಹದಿನಾಲ್ಕು ವರ್ಷ ಇವಳು ಘಮಘಮ, ನಾನು ಕಡಲೆಹಿಟ್ಟು! ಬೋರು ಬತ್ತಿ, ಕಾರ್ಖಾನೆಯವರೇ ಬಟ್ಟೆ ಒಗೆಸೋದಕ್ಕೆ ಶುರುಮಾಡಿದ ಮೇಲೆ ಅದು ನಿಂತದ್ದು.”

ಫಿರ್ದೋಸ್ ಪರದೆಯ ಮೇಲೆ ಬೆರಳಾಡಿಸಿದರು. ವಿಶಾಲಾಕ್ಷಿಯ ಉಂಗುರಗಳು ಆ ದೀಪಾವಳಿಯ ವರ್ಷದಿಂದಲೇ ಆರಂಭವಾಗಿ, ಹದಿನಾಲ್ಕಕ್ಕೆ ನಿಂತಿದ್ದವು. “ನಾಲ್ಕನೆಯ ವರ್ಷದಲ್ಲಿ ಮಾತ್ರ ಅರ್ಧ ಉಂಗುರ ಬಿಳಿಯಾಗಿದೆ” ಎಂದು ಅವರು ತಮ್ಮಷ್ಟಕ್ಕೇ ಎಂಬಂತೆ ಹೇಳಿದರು.

“ಇರಲೇಬೇಕಲ್ಲ! ಬಾಣಂತನಕ್ಕೆ ತೌರಿಗೆ ಹೋಗಿದ್ದಳು. ಐದು ತಿಂಗಳು, ನಲವತ್ತಮೂರು ಸೋಪು. ಅಷ್ಟೇ ನನ್ನ ಪಾಲಿಗೆ ಬಂದದ್ದು.”

ಫಿರ್ದೋಸ್ ಅವಸರದಿಂದ ಹಾಲಮ್ಮನ ಚಿತ್ರವನ್ನು ಮತ್ತೆ ತೆರೆದು ಹಿಗ್ಗಿಸಿದರು. ಬೆಳ್ಳಗಿನ ಪದರಗಳ ನಡುವೆ, ಅದೇ ವರ್ಷದಲ್ಲಿ, ಕೂದಲೆಳೆಯಂಥ ಒಂದು ಕೆಂಪು ಗೆರೆಯಿತ್ತು. ಯಂತ್ರವು ಅದನ್ನು ನಗಣ್ಯವೆಂದು ಬಿಟ್ಟಿತ್ತು.

“ಇದು ನಿಮ್ಮ ನಲವತ್ತಮೂರು ಸೋಪು, ಅಮ್ಮ” ಎಂದು ಅವರು ಮೆಲ್ಲನೆ ಹೇಳಿದರು. ಬಳಿಕ ವಿಶಾಲಾಕ್ಷಿಯ ಚಿತ್ರವನ್ನು ತೋರಿಸಿದರು. “ಉಳಿದ ಸೋಪೆಲ್ಲ ಅಲ್ಲಿವೆ.”

ಹಾಲಮ್ಮ ಎರಡು ಚಿತ್ರಗಳನ್ನೂ ನೋಡಿದಳು. ಒಂದರಲ್ಲಿ ಒಂದು ಗೆರೆ. ಇನ್ನೊಂದರಲ್ಲಿ ಗೆರೆಗಳ ದಟ್ಟವಾದ ಸುರುಳಿ. ತಾನು ಅಷ್ಟು ವರ್ಷ ಎಣಿಸಿಕೊಂಡು ಬಂದದ್ದು ಏನನ್ನು ಎಂಬುದು ಆಗ ಅವಳಿಗೆ ಹೊಳೆಯಿತು. ಬಿಸಿಲಲ್ಲಿ ನಿಂತು ಮಣ್ಣಿನ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದ ಆ ಕೈಗಳು ಈಗ ವಿಶಾಲಾಕ್ಷಿಯ ಮಡಿಲಲ್ಲಿ ಊದಿಕೊಂಡು ಬಿದ್ದಿದ್ದವು.

“ಬರಕೊಳ್ಳಿ, ಡಾಕ್ಟರಮ್ಮ” ಎಂದಳು. “ನಾನು ಒಗೆದಿಲ್ಲ. ಅರ್ಜಿಯಲ್ಲಿ ಬರೆಸಿದ್ದು ಸುಳ್ಳು. ಒಗೆದವಳು ಇವಳು. ಸಾಕ್ಷಿ ನಾನು.”

“ಅಕ್ಕ...”

“ನೀನು ಸುಮ್ಮನಿರು. ನೆನಪಿಲ್ಲವಂತೆ!”

“ನೆನಪಿತ್ತು ಕಣಕ್ಕ” ಎಂದಳು ವಿಶಾಲಾಕ್ಷಿ. “ಊರಿನವರ ಮುಂದೆ ನಿನ್ನ ಮಾತನ್ನ ಸುಳ್ಳು ಮಾಡೋದು ಬೇಡ ಅನ್ನಿಸಿತು.”

ಮಂಡಳಿಯು ನೀಲಿ ಕಾರ್ಡು ಕೊಟ್ಟಿತು. ಆ ಪ್ರಕರಣದ ಅನಂತರ ಅರ್ಜಿಯ ನಮೂನೆಯಲ್ಲಿ ಹೊಸದೊಂದು ಕಲಮು ಸೇರಿತು: ‘ನಿಮ್ಮ ಮೇಲೆ ಬಹುಕಾಲದಿಂದ ಮುನಿಸು ಇಟ್ಟುಕೊಂಡಿರುವವರ ಹೆಸರು ಮತ್ತು ವಿಳಾಸ.’ ಕಾರ್ಖಾನೆಯು ಕಳೆದುಕೊಂಡಿದ್ದ ದಾಖಲೆಗಳು ಕಾಗೆಕಲ್ಲಿನ ಹೊಟ್ಟೆಯುರಿಗಳಲ್ಲಿ ತಿಥಿ, ವಾರಗಳ ಸಮೇತ ಭದ್ರವಾಗಿದ್ದವು. ದಂತಸ್ಮೃತಿಯನ್ನು ಕಂಡುಹಿಡಿದ ಫಿರ್ದೋಸ್, ಅದಕ್ಕಿಂತ ಸೂಕ್ಷ್ಮವಾದ ಯಂತ್ರವೊಂದು ಮೊದಲೇ ಇತ್ತೆಂದು ಒಪ್ಪಿಕೊಳ್ಳಬೇಕಾಯಿತು.

ಆಸ್ಪತ್ರೆಯಲ್ಲಿ ವಿಶಾಲಾಕ್ಷಿಯ ಜೊತೆಗಿರಲು ಹಾಲಮ್ಮನೇ ಹೋದಳು. ಮೊದಲ ದಿನ ದಾದಿಯು ರೋಗಿಗೆಂದು ಟವೆಲು, ತಟ್ಟೆ, ಒಂದು ಸೋಪು ಕೊಟ್ಟು ಹೋದಳು. ಸೋಪು ಗುಲಾಬಿ ಬಣ್ಣದ್ದಾಗಿತ್ತು. ವಿಶಾಲಾಕ್ಷಿ ಅದನ್ನು ಮೂಸಿ ನೋಡಿ, ಅಕ್ಕನ ಕಡೆಗೆ ಸರಿಸಿದಳು.

ಹಾಲಮ್ಮ ಅದನ್ನು ತೆಗೆದುಕೊಂಡಳು. ಬಹಳ ಹೊತ್ತು ಅಂಗೈಯಲ್ಲಿ ಹಿಡಿದಿದ್ದಳು. ಬಳಿಕ ಮಂಚದ ಕಂಬಿಯ ಮೇಲಿದ್ದ ಓರಗಿತ್ತಿಯ ಮಾಸಿದ ಸೀರೆಯನ್ನು ಎಳೆದುಕೊಂಡು ಬಚ್ಚಲ ಕಡೆ ನಡೆದಳು.

“ಸೋಪು ತಗೊಂಡಮೇಲೆ ಒಗೀಬೇಕಲ್ಲ” ಎಂದಳು, ತಿರುಗಿ ನೋಡದೆ. “ಮನೆಯ ನೇಮ.”