ಮೂರು ಸಲ ನಕ್ಕ ರಾಜ

"ನೀವು ಹಾಲಾಂಗ್ ರೂಟಿಗೆ ಹೋಗ್ತಿದ್ದೀರಂತೆ."

"ಹೂಂ."

"ಯಾವಾಗಿಂದ?"

"ಸೋಮವಾರದಿಂದ."

"ನೀವೇ ಕೇಳಿ ಹಾಕಿಸ್ಕೊಂಡ್ರಂತೆ. ಆಫೀಸಲ್ಲಿ ಎಲ್ಲರಿಗೂ ಗೊತ್ತು, ನಂಗೆ ಬಿಟ್ಟು."

"ಮುಂದೆ ಹಳ್ಳ ಇದೆ, ಹಿಡ್ಕೊಳ್ಳಿ," ಎಂದ ಖಾಂಗ್.

ಲುವಾ ಹಿಡಿದುಕೊಂಡಳು. ಹಳ್ಳವೇನೂ ಬರಲಿಲ್ಲ. ಹನೋಯಿಯಿಂದ ನಿನ್ ಬಿನ್‌ಗೆ ಹೋಗುವ ಹೆದ್ದಾರಿಯಲ್ಲಿ ಹಳ್ಳ ಎಲ್ಲಿಂದ ಬರಬೇಕು? ಉತ್ತರ ಕೊಡಲು ಇಷ್ಟವಿಲ್ಲದಾಗಲೆಲ್ಲ ಈ ಮನುಷ್ಯನಿಗೆ ರಸ್ತೆಯಲ್ಲಿ ಹಳ್ಳ ಕಾಣುತ್ತದೆ.

ಎರಡು ವರ್ಷದಿಂದ ಅವನು ಡ್ರೈವರ್, ಅವಳು ಗೈಡ್, ವ್ಯಾನ್ ಒಂದೇ. ಬೆಳಿಗ್ಗೆ ಪ್ರವಾಸಿಗರನ್ನು ಹತ್ತಿಸಿಕೊಂಡು ಹೊರಟರೆ ಗುಡಿ, ಊಟ, ದೋಣಿ, ಗುಹೆ ಮುಗಿಸಿ ಸಂಜೆ ವಾಪಸ್ಸು. ಬಿಸಿಲಿನ ದಿನ ಅವಳ ಸೀಟಿನ ಮೇಲೆ ಒಂದು ಹುಲ್ಲಿನ ಟೋಪಿ ಇರುತ್ತಿತ್ತು. ಗಂಟಲು ಕಟ್ಟಿದ ದಿನ ಶುಂಠಿ ಹಾಕಿದ ಚಹಾ ಇರುತ್ತಿತ್ತು. ಇಟ್ಟವರು ಯಾರು ಎಂದು ಕೇಳಿದರೆ "ಅಲ್ಲೇ ಇತ್ತು" ಎನ್ನುತ್ತಿದ್ದ. ಅವನ ಬಾಯಿಂದ ಇದಕ್ಕಿಂತ ದೊಡ್ಡ ಮಾತೊಂದು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಲುವಾ ಕಾದದ್ದೇ ಬಂತು. ಬಂದದ್ದು ಹಾಲಾಂಗ್.

"ಹೋಗಿ. ಸಮುದ್ರದ ಗಾಳಿಗಾದ್ರೂ ಬಾಯಿ ಬಿಡಬಹುದು," ಎಂದಳು.

ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರು. ಸೈಗಾನಿನಿಂದ ಬಂದಿದ್ದ ಐದು ಜನರಲ್ಲಿ ಹಿರಿಯರಾದ ತುಯೆತ್ ಅಜ್ಜಿ. "ಮಗಳೇ," ಎಂದರು ಮೆಲ್ಲಗೆ, "ಮೈಕು ಆನ್ ಇದೆ."

ಖಾಂಗ್‌ನ ಕಿವಿ ಕೆಂಪಾದದ್ದು ಲುವಾಳಿಗೆ ಕಂಡಿತು. ಅಷ್ಟಾದರೂ ಆಯಿತಲ್ಲ ಎಂದುಕೊಂಡು ಮೈಕು ಆರಿಸಿದಳು.

ಹಳೆಯ ರಾಜಧಾನಿ ಹ್ವಾ ಲೂ ತಲುಪುವ ಹೊತ್ತಿಗೆ ಸುತ್ತಲಿನ ಸುಣ್ಣಕಲ್ಲಿನ ಗುಡ್ಡಗಳ ಮೇಲೆ ಬಿಸಿಲು ಚೆನ್ನಾಗಿ ಏರಿತ್ತು. ದಿನ್ ರಾಜನ ಗುಡಿಯ ಹೊಸ್ತಿಲು ಮೊಣಕಾಲೆತ್ತರ. ತಲೆ ಬಗ್ಗಿಸಿಕೊಂಡೇ ದಾಟಬೇಕು. "ತುಳೀಬೇಡಿ, ದಾಟಿ ಬನ್ನಿ," ಎನ್ನುತ್ತ ಲುವಾ ಎಲ್ಲರನ್ನೂ ಒಳಗೆ ಬಿಟ್ಟುಕೊಂಡು, ದನ ಕಾಯುತ್ತಿದ್ದ ಹುಡುಗ ರಾಜನಾದ ಕಥೆಯನ್ನು ಬಾಯಿಪಾಠ ಒಪ್ಪಿಸತೊಡಗಿದಳು. ಕಥೆಯ ನಡುವೆ ಅವಳ ಮಾತು ನಿಂತುಹೋಯಿತು.

ಯಾವತ್ತೂ ಗುಡಿಯೊಳಗೆ ಕಾಲಿಡದೆ ಹೊರಗೆ ಚಹಾದಂಗಡಿಯಲ್ಲಿ ಕೂರುವ ಖಾಂಗ್, ಇವತ್ತು ಊದುಬತ್ತಿ ಹಚ್ಚಿ ರಾಜನ ಮುಂದೆ ನಿಂತಿದ್ದ. ತುಟಿ ಅಲುಗುತ್ತಿತ್ತು. ಆಮೇಲೆ ತಟ್ಟೆಯಲ್ಲಿದ್ದ ಎರಡು ಹಳೇ ನಾಣ್ಯಗಳನ್ನು ಎತ್ತಿ ಹಾಕಿದ. ಕೇಳಿದ್ದಕ್ಕೆ ರಾಜ ಒಪ್ಪಿದರೆ ನಾಣ್ಯ ಒಂದು ಮೇಲ್ಮುಖವಾಗಿ, ಒಂದು ಕೆಳಮುಖವಾಗಿ ಬೀಳಬೇಕು. ಖಾಂಗ್ ಬಗ್ಗಿ ನೋಡಿದ. ಮತ್ತೆ ಹಾಕಿದ. ಮೂರನೆಯ ಸಲವೂ ಹಾಕಿದ. ಮೂರು ಸಲಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೈಮುಗಿದು, ಲುವಾಳ ಪಕ್ಕದಲ್ಲೇ ಅವಳು ಇಲ್ಲವೆಂಬಂತೆ ಹಾದು ಹೊರಗೆ ಹೋದ.

"ರಾಜ್ಯ ಕಳ್ಕೊಂಡವನ ಹಾಗೆ ಹೋದ ನೋಡು," ಎಂದರು ಗುಡಿ ನೋಡಿಕೊಳ್ಳುವ ಅಜ್ಜ, ಬೂದಿ ತೆಗೆಯುತ್ತ. "ಮೂರು ಸಲಾನೂ ಎರಡೂ ನಾಣ್ಯ ಮೇಲ್ಮುಖ. ಹಾಗೆ ಬಿದ್ರೆ ರಾಜ ನಗ್ತಾ ಇದ್ದಾನೆ ಅಂತ."

"ಏನು ಕೇಳಿದ್ರು ಅಜ್ಜ?"

"ಕಿವಿಗೆ ಬಿತ್ತು, ಬೇಕೂಂತ ಕೇಳಿಸ್ಕೊಂಡಿದ್ದಲ್ಲ. ಹುಡುಗ ಕೋತಿ ವರ್ಷದವನಂತೆ, ಹುಡುಗಿ ಹುಲಿ ವರ್ಷದವಳಂತೆ. ಕೋತಿಗೂ ಹುಲಿಗೂ ಕೂಡಿಬರಲ್ಲ, ಅದು ಎಲ್ಲರಿಗೂ ಗೊತ್ತು. ಆದ್ರೂ ಅವಳಿಗೆ ಮನಸ್ಸಿನ ಮಾತು ಹೇಳಲೇ ಅಂತ ಕೇಳ್ದ. ಹುಡುಗಿ ಗೈಡಂತೆ." ಅಜ್ಜ ಅವಳ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯನ್ನು ನೋಡಿದರು. ಆಮೇಲೆ ಬಹಳ ಶ್ರದ್ಧೆಯಿಂದ ಬೂದಿ ತೆಗೆಯಲು ಹೋದರು.

ಲುವಾಳಿಗೆ ಮೊದಲು ಬಂದದ್ದು ಸಂತೋಷ. ಅದರ ಹಿಂದೆಯೇ ಕೋಪ ಬಂದು ಸಂತೋಷವನ್ನು ಪಕ್ಕಕ್ಕೆ ತಳ್ಳಿತು. ಹುಲಿಯಂತೆ ಹುಲಿ!

ಎಲ್ಲ ಆ ಕೇಕಿನ ದೆಸೆಯಿಂದ. ಅವಳ ಹುಟ್ಟುಹಬ್ಬ ಜನವರಿಯಲ್ಲಿ. ಆಫೀಸಿನವರು ಕಾಗದದಲ್ಲಿದ್ದ ಇಸವಿ ನೋಡಿ, ಅದು ಹುಲಿ ವರ್ಷವೆಂದು ಕೇಕಿನ ಮೇಲೆ ಹುಲಿ ಬರೆಸಿದ್ದರು. ಆದರೆ ಅವಳು ಹುಟ್ಟಿದ್ದು ಒಲೆಯ ದೇವರನ್ನು ಸ್ವರ್ಗಕ್ಕೆ ಕಳಿಸಿಕೊಡುವ ದಿನ, ತೆತ್ ಹಬ್ಬಕ್ಕೆ ಇನ್ನೂ ಒಂದು ವಾರ ಇರುವಾಗ. ವರ್ಷದ ಪ್ರಾಣಿ ಬದಲಾಗುವುದು ಜನವರಿಗಲ್ಲ, ತೆತ್‌ಗೆ; ಆ ಹೊಸ ವರ್ಷ ಇನ್ನೂ ಕಾಲಿಟ್ಟಿರಲೇ ಇಲ್ಲ. ಹುಲಿಯ ಹಿಂದಿನ ವರ್ಷದ ಪ್ರಾಣಿಯೇ ಅವಳದ್ದು. ಲುವಾ ಎಮ್ಮೆ.

ಅವಳು ಅದನ್ನು ಯಾರಿಗೂ ತಿದ್ದಿ ಹೇಳಿರಲಿಲ್ಲ. ಹುಲಿ ವರ್ಷದವಳು ಎಂದರೆ ಸಂಬಂಧ ತರುವ ಅತ್ತೆಯರು ಅರ್ಧ ಚಹಾಕ್ಕೇ ಎದ್ದು ಹೋಗುತ್ತಿದ್ದರು, ಅದು ಅನುಕೂಲವಾಗಿತ್ತು. ಬೇಡದವರನ್ನು ಓಡಿಸಲು ಸಾಕಿಕೊಂಡ ಹುಲಿ ಬೇಕಾದವನನ್ನೇ ಓಡಿಸುತ್ತದೆಂದು ಅವಳಿಗೇನು ಗೊತ್ತು?

ಈಗಲೇ ಹೋಗಿ ಹೇಳಿಬಿಡಬಹುದಿತ್ತು. ಕಾಲು ಹೊಸ್ತಿಲವರೆಗೂ ಹೋಯಿತು. ಅಲ್ಲಿ ನಿಂತಿತು. ಎಮ್ಮೆ ಎಂದು ಗೊತ್ತಾದ ಮೇಲೆ ಬಂದು ಪ್ರೀತಿ ಹೇಳುವವನನ್ನು ಕಟ್ಟಿಕೊಂಡು ಏನು ಮಾಡುವುದು? ನಾಳೆ ಇನ್ನೊಬ್ಬ ಜ್ಯೋತಿಷಿ ಇನ್ನೇನೋ ಹೇಳಿದರೆ ಮತ್ತೆ ಹಾಲಾಂಗ್‌ಗೆ ಹೋಗುತ್ತಾನೆ. ಸತ್ತ ರಾಜನನ್ನು ಮೂರು ಸಲ ಕೇಳುವವನಿಗೆ ಬದುಕಿರುವವಳನ್ನು ಒಂದು ಸಲ ಕೇಳಲಾಗಲಿಲ್ಲವೇ? ಬಾಯಿ ಬಿಡಲಿ. ಹುಲಿ ಎಂದುಕೊಂಡೇ ಬಿಡಲಿ.

ಮಧ್ಯಾಹ್ನ ಊಟಕ್ಕೆ ಆಡಿನ ಮಾಂಸ, ಬಾಣಲೆಯಲ್ಲಿ ಗರಿಗರಿಯಾಗಿ ಕರಿದ, ತಳ ಸೀದ ಅನ್ನದ ಚಕ್ಕೆ. ಖಾಂಗ್ ಊಟದ ಕಡ್ಡಿಯಲ್ಲಿ ಎಲ್ಲಕ್ಕಿಂತ ಗರಿಗರಿಯಾದ ತುಂಡನ್ನು ಎತ್ತಿ, ಅವಳತ್ತ ನೋಡದೆ, ಅವಳ ಬಟ್ಟಲಿಗೆ ಹಾಕಿದ. ಲುವಾ ಅದನ್ನು ಎತ್ತಿ ಅವನ ಬಟ್ಟಲಿಗೆ ವಾಪಸ್ಸು ಹಾಕಿದಳು. ಅವನು ಅದನ್ನೇ ನೋಡುತ್ತ ಕುಳಿತ. ತಿನ್ನಲೂ ಇಲ್ಲ.

"ಯಾರೂ ತಿನ್ನಲ್ವಾ? ಹಾಗಾದ್ರೆ ನಂಗಿರ್ಲಿ," ಎಂದು ತುಯೆತ್ ಅಜ್ಜಿ ಅದನ್ನು ತೆಗೆದುಕೊಂಡರು.

ತಾಮ್ ಕೋಕ್ ದೋಣಿಕಟ್ಟೆಗೆ ಬಂದಾಗ ಅಜ್ಜಿಗೆ ಇದ್ದಕ್ಕಿದ್ದಂತೆ ಗುಹೆಗಳೆಂದರೆ ಭಯವಾಯಿತು. ಒಂದು ದೋಣಿಗೆ ಇಬ್ಬರು. ಉಳಿದ ನಾಲ್ವರು ಎರಡು ದೋಣಿಯಲ್ಲಿ ಹೊರಟಿದ್ದರು. ಅಜ್ಜಿ ಲುವಾಳ ಜೊತೆ ಕೂರಬೇಕಿತ್ತು.

"ನಂಗೆ ಕತ್ತಲು ಆಗಲ್ಲ. ನಾನಿಲ್ಲಿ ತಣ್ಣಗೆ ಎಳನೀರು ಕುಡೀತೀನಿ. ಟಿಕೆಟ್ ಹಾಳಾಗೋದ್ ಬೇಡ. ಡ್ರೈವರಪ್ಪಾ, ನೀನು ಹೋಗು."

"ನಾನು ಗಾಡಿ ನೋಡ್ಕೋಬೇಕು," ಎಂದ ಖಾಂಗ್.

"ಗಾಡಿ ಓಡಿಹೋಗುತ್ತಾ? ಹತ್ತು ಸುಮ್ನೆ."

ದೋಣಿ ನಡೆಸುವ ಹ್ವೇ ಚಿಕ್ಕಮ್ಮ ಹಿಂದಕ್ಕೆ ಒರಗಿ, ಎರಡೂ ಪಾದಗಳಿಂದ ಹುಟ್ಟು ಹಾಕುತ್ತ ಹೊರಟರು. ಕೈ ಖಾಲಿಯಿದ್ದದ್ದರಿಂದ ಕಸೂತಿ ಹಿಡಿದುಕೊಂಡರು. ನದಿಯ ಎರಡೂ ಬದಿ ಭತ್ತ ಹಣ್ಣಾಗಿ ನೀರಿನವರೆಗೂ ಬಾಗಿತ್ತು. ಮುಂದಿನ ಹಲಗೆಯಲ್ಲಿ ಲುವಾ, ಅವಳ ಬೆನ್ನ ಹಿಂದೆ ಖಾಂಗ್. ಅವನ ನೋಟ ತನ್ನ ಜಡೆಯ ಮೇಲೆ ಬಿದ್ದು, ಗುಡ್ಡದ ಮೇಲೆ ಹೋಗಿ, ಮತ್ತೆ ಜಡೆಗೆ ಬರುತ್ತಿದೆಯೆಂದು ಅವಳು ತಿರುಗದೆಯೇ ಬಲ್ಲಳು.

ಮೊದಲ ಗುಹೆ ಬಂತು. ಬಂಡೆ ತಲೆಗೆ ತಾಗುವಷ್ಟು ತಗ್ಗು. ಎಲ್ಲರೂ ಬಗ್ಗಿದರು. ಕತ್ತಲಾಯಿತು.

"ರಾಜನ ಹತ್ರ ಏನು ಕೇಳಿದ್ರಿ?"

"ರಸ್ತೇಲಿ ಏನೂ ಆಗದೇ ಇರ್ಲಿ ಅಂತ."

"ಇಲ್ಲಿ ಹಳ್ಳ ಇಲ್ಲ, ಖಾಂಗ್. ನೀರಿದೆ. ಸುಳ್ಳು ಹೇಳಿದ್ರೆ ದೂಕ್ತೀನಿ."

ಹುಟ್ಟಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಕತ್ತಲಿನಲ್ಲಿ ಅವನಿಗೆ ಧೈರ್ಯ ಬಂದಿರಬೇಕು.

"ಅಮ್ಮನ ಹತ್ರ ನಿಮ್ಮ ವಿಷಯ ಹೇಳ್ದೆ," ಎಂದ. "ವರ್ಷ ಯಾವ್ದು ಅಂದ್ಲು, ಹೇಳ್ದೆ. ಹುಲಿ ಅಂದಿದ್ದೇ ಕಿವಿ ಮುಚ್ಕೊಂಡ್ಲು. ನಮ್ಮ ಚಿಕ್ಕಪ್ಪ ಹುಲಿ ವರ್ಷದವರನ್ನೇ ಮದುವೆ ಆಗಿದ್ದು. ವರ್ಷದೊಳಗೆ ಲಾರಿ ಮಗುಚಿ ಹೋದ್ರು."

"ನಿಮಗೂ ಹಾಗೇ ಆಗುತ್ತೆ ಅಂತ ಹೆದರಿಕೆ."

"ನಂಗಾಗೋದಕ್ಕಲ್ಲ. ಚಿಕ್ಕಪ್ಪ ಹೋದ್ಮೇಲೆ ಚಿಕ್ಕಮ್ಮನ್ನ ನಮ್ಮ ಮನೆಯವರು ಮಾತಲ್ಲೇ ಕೊಂದ್ರು. ಗಂಡನ್ನ ನುಂಗಿದ್ಲು ಅಂತ, ಊಟಕ್ಕೆ ಕೂತಾಗಲೂ. ನಾನು ಕಣ್ಣಾರೆ ನೋಡಿದೀನಿ. ನಾನೂ ಸ್ಟೇರಿಂಗ್ ಹಿಡಿಯೋನು, ಏನಾದ್ರೂ ಆಗಬಹುದು. ಆಮೇಲೆ ಅದೇ ಮಾತು ನಿಮಗೆ ಬಂದ್ರೆ?"

ಗುಹೆ ಮುಗಿದು ಬೆಳಕು ಬಿತ್ತು. ಲುವಾ ತಿರುಗಿ ಕುಳಿತಳು. ಅವಳ ಕಣ್ಣು ತುಂಬಿತ್ತು, ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಅದಕ್ಕೇ ಹಾಲಾಂಗ್‌ಗೆ ಓಡ್ತಿದ್ದೀರಾ?"

"ದಿನಾ ಪಕ್ಕದ ಸೀಟಲ್ಲಿ ಕೂತಿರ್ತೀರಿ. ನೋಡಿಯೂ ನೋಡದ ಹಾಗೆ ಎಷ್ಟು ದಿನ ಓಡಿಸ್ಲಿ? ಆಗ್ತಿಲ್ಲ ನಂಗೆ."

"ನಿಮ್ಮಮ್ಮನ್ನ ಕೇಳಿದ್ರಿ. ರಾಜನ್ನ ಕೇಳಿದ್ರಿ. ನನ್ನನ್ನ ಯಾರಾದ್ರೂ ಕೇಳಿದ್ರಾ?"

ಹ್ವೇ ಚಿಕ್ಕಮ್ಮ ಸೂಜಿ ನಿಲ್ಲಿಸಿದರು. ಪಾದಗಳೂ ನಿಧಾನವಾದವು.

"ಚಿಕ್ಕಮ್ಮಾ, ನೀವು ಹೋಗ್ತಾ ಇರಿ," ಎಂದಳು ಲುವಾ.

"ನಂಗೇನೂ ಕೇಳಿಸ್ತಿಲ್ಲ ಕಣೇ," ಎಂದರು ಚಿಕ್ಕಮ್ಮ. ದೋಣಿ ನಿಂತಲ್ಲೇ ನಿಂತಿತ್ತು.

ಎರಡನೆಯ ಗುಹೆ ಬಂತು. ಎಮ್ಮೆ ಎಂಬ ಒಂದು ಮಾತು ಲುವಾಳ ನಾಲಗೆಯ ತುದಿಯಲ್ಲಿತ್ತು. ಇವನು ಈಗಲೂ ಸುಮ್ಮನಿದ್ದರೆ ತಾನೂ ಸುಮ್ಮನಿರಬೇಕು, ಸೋಮವಾರ ಬೇರೆ ಡ್ರೈವರ್ ಬರುತ್ತಾನೆ, ಸೀಟಿನ ಮೇಲೆ ಟೋಪಿ ಇರುವುದಿಲ್ಲ. ಆದರೂ ಹಲ್ಲು ಕಚ್ಚಿ ಕುಳಿತಳು.

ಬೆಳಕಿಗೆ ಬಂದಾಗ ಖಾಂಗ್ ಫೋನ್ ತೆಗೆದಿದ್ದ.

"ಅಮ್ಮಾ, ನಾನು. ಊಟ ಆಯ್ತಾ? ಕೇಳು, ಮಧ್ಯೆ ಮಾತಾಡಬೇಡ. ನಾನು ಹಾಲಾಂಗ್‌ಗೆ ಹೋಗಲ್ಲ. ಲುವಾನ್ನೇ ಮದುವೆ ಆಗ್ತೀನಿ, ಅವಳು ಒಪ್ಪಿದ್ರೆ. ಹೌದು, ಹುಲೀನೇ. ಆಯ್ತು, ನುಂಗ್ಲಿ. ನಂಗೇನಾದ್ರೂ ಆದ್ರೆ ನನ್ನ ಕೆಟ್ಟ ಡ್ರೈವಿಂಗಿಂದ ಆಯ್ತು ಅಂತ ಊರಿಗೆಲ್ಲ ಈಗ್ಲೇ ಹೇಳಿಡ್ತೀನಿ. ಅವಳಿಗೆ ಒಬ್ಬರೂ ಒಂದ್ ಮಾತು ಅನ್ನಬಾರ್ದು, ನೀನು ಮೊದಲು."

ಫೋನಿನಿಂದ ಬಂದ ಗದರಿಕೆ ನೀರಿನ ಮೇಲೆ ಸಾಕಷ್ಟು ದೂರ ಹೋಯಿತು. ಆಮೇಲೆ ಫೋನ್ ಕಟ್ಟಾಯಿತು. ಖಾಂಗ್ ಅದನ್ನು ಜೇಬಿಗೆ ಹಾಕಿದ. ಮುಖ ಬಿಳಿಚಿತ್ತು. ಆದರೆ ಈ ಸಲ ಅವಳ ಕಣ್ಣನ್ನೇ ನೋಡಿದ, ಗುಡ್ಡದ ಕಡೆ ತಿರುಗಲಿಲ್ಲ.

"ಎರಡು ವರ್ಷದಿಂದ ನಿಮ್ಮನ್ನ ಇಷ್ಟಪಡ್ತಿದೀನಿ, ಲುವಾ. ಟೋಪಿ ನಾನೇ ಇಡ್ತಿದ್ದಿದ್ದು."

"ಗೊತ್ತು ಮಾರಾಯ. ಟೋಪಿ ತಾನಾಗೇ ಬಂದು ಕೂರುತ್ತಾ?" ಎಂದಳು. "ನಾನೂ ಇಷ್ಟಪಡ್ತೀನಿ. ಅದಕ್ಕೇ ಇಷ್ಟು ಕೋಪ."

ಮೂರನೆಯ ಗುಹೆಯ ಕತ್ತಲಿನಲ್ಲಿ ಅವನ ಕೈ ಹಲಗೆಯ ಮೇಲೆ ತಡವರಿಸಿಕೊಂಡು ಬಂದು ಅವಳ ಕೈಯನ್ನು ಸೇರಿತು. ಅವಳು ಬಿಡಿಸಿಕೊಳ್ಳಲಿಲ್ಲ. ಆಚೆ ಬೆಳಕು ಕಾಣುವ ಹೊತ್ತಿಗೆ, ಇನ್ನು ಕಾಡಿಸಿದ್ದು ಸಾಕು ಎನ್ನಿಸಿತು.

"ಇನ್ನೊಂದು ವಿಷಯ," ಎಂದಳು. "ನಾನು ಹುಟ್ಟಿದ್ದು ಒಲೆ ದೇವರನ್ನ ಕಳಿಸೋ ದಿನ."

"ಅಂದ್ರೆ..." ಖಾಂಗ್ ಬೆರಳು ಮಡಿಸಿ ಲೆಕ್ಕ ಹಾಕಿದ. "ಅಂದ್ರೆ ತೆತ್‌ಗೆ ಮುಂಚೆ."

"ಮುಂಚೆ."

"ಹಾಗಾದ್ರೆ ನೀವು ಹುಲಿ ಅಲ್ಲ."

"ಎಮ್ಮೆ."

ಹ್ವೇ ಚಿಕ್ಕಮ್ಮ ದೋಣಿ ಅಲುಗಾಡುವಷ್ಟು ನಕ್ಕರು.

"ಮೊದಲೇ ಹೇಳಬಾರ್ದಾಗಿತ್ತಾ? ನಾನು ಅಮ್ಮನ ಹತ್ರ ಜಗಳ ಆಡಿಬಿಟ್ಟೆ."

"ಮೊದಲೇ ಕೇಳಬಾರ್ದಾಗಿತ್ತಾ? ಹುಲಿ ಆಗಿದ್ರೂ ಬೇಕು ಅಂದೆಯಲ್ಲ, ಅದು ಕಿವಿಗೆ ಬೀಳೋವರೆಗೂ ಹೇಳಬಾರ್ದು ಅಂತಿದ್ದೆ, ಕೋತಿ." ನೀವು ಹೋಗಿ ನೀನು ಬಂದದ್ದು ಇಬ್ಬರಿಗೂ ಗೊತ್ತಾಯಿತು. "ರಾಜ ಮೂರು ಸಲ ನಕ್ಕಿದ್ದು ಯಾಕೆ ಅಂದ್ಕೊಂಡೆ? ಸಾವಿರ ವರ್ಷದಿಂದ ಕೂತಿದ್ದಾನೆ, ನಿನ್ನಂಥ ದಡ್ಡನ್ನ ನೋಡಿರಲಿಲ್ಲ."

ಸಂಜೆ ವ್ಯಾನ್ ಹನೋಯಿಯತ್ತ ಹೊರಟಾಗ ಹಿಂದಿನ ಸೀಟಿನವರೆಲ್ಲ ತೂಕಡಿಸುತ್ತಿದ್ದರು. ತುಯೆತ್ ಅಜ್ಜಿ ಮಾತ್ರ ಕಣ್ಣು ಮುಚ್ಚಿಕೊಂಡು ಎಚ್ಚರವಾಗಿದ್ದರು. ಡ್ಯಾಶ್‌ಬೋರ್ಡಿನ ಮೇಲಿದ್ದ ಫೋನ್ ಹೊಡೆದುಕೊಂಡಿತು. ದೋಣಿಕಟ್ಟೆಯಿಂದಲೇ ಖಾಂಗ್ ಅಮ್ಮನಿಗೆ ಲುವಾ ಹುಟ್ಟಿದ ದಿನವನ್ನು ಬರೆದು ಕಳಿಸಿದ್ದ. ಈಗ ಅವನು ಸ್ಪೀಕರ್ ಒತ್ತಿದ.

"ಎಮ್ಮೆನಾ?" ಎಂದಿತು ಅಮ್ಮನ ದನಿ, ಪೀಠಿಕೆಯಿಲ್ಲದೆ. ಮಧ್ಯಾಹ್ನದ ಗದರಿಕೆ ಎಲ್ಲೋ ಇಳಿದುಹೋಗಿತ್ತು. "ಒಲೆ ದೇವರ ದಿನ ಹುಟ್ಟಿದ ಹುಡುಗಿಗೆ ಅನ್ನಕ್ಕೆ ಕೊರತೆ ಇರಲ್ಲ ಬಿಡು. ಎಷ್ಟು ಹೊತ್ತಿಗೆ ಹುಟ್ಟಿದ್ದು, ಕೇಳು."

ಖಾಂಗ್ ಲುವಾಳನ್ನು ನೋಡಿದ. ಈ ಜನ ಸುಧಾರಿಸುವವರಲ್ಲ ಎಂದುಕೊಂಡು ಲುವಾ ನಿಟ್ಟುಸಿರು ಬಿಟ್ಟಳು. ಫೋನಿನ ಕಡೆ ಬಗ್ಗಿದಳು.

"ನಮಸ್ಕಾರ ಅಮ್ಮ, ನಾನು ಲುವಾ. ಹೊತ್ತು ನಮ್ಮಮ್ಮಂಗೆ ಮಾತ್ರ ಗೊತ್ತು. ಎಲೆ ಅಡಿಕೆ ತಗೊಂಡು ಮನೆಗೆ ಬನ್ನಿ, ಅವರನ್ನೇ ಕೇಳಿ. ಆದ್ರೆ ಒಂದ್ ವಿಷಯ. ಕೆಟ್ಟ ಹೊತ್ತಾಗಿದ್ರೂ ಇವನನ್ನ ನಾನು ವಾಪಸ್ ಕೊಡಲ್ಲ."

"ಹುಲಿ ಅಲ್ಲ ಅಂತ ಯಾರು ಹೇಳಿದ್ದು?" ಎಂದು ಅಮ್ಮ ಗೊಣಗಿದರು. ದನಿಯಲ್ಲಿ ನಗುವಿತ್ತು. "ಭಾನುವಾರ ಬರ್ತೀವಿ ಅಂತ ಹೇಳು ನಿಮ್ಮಮ್ಮಂಗೆ."

ಖಾಂಗ್ ಫೋನ್ ಇಟ್ಟ. ಅವನ ಕಿವಿ ಮತ್ತೆ ಕೆಂಪಾಗಿತ್ತು. ಹಿಂದಿನಿಂದ ತುಯೆತ್ ಅಜ್ಜಿ, "ಮೈಕು ಹಾಕಿದ್ರೆ ಇನ್ನೂ ಚೆನ್ನಾಗಿ ಕೇಳಿಸ್ತಿತ್ತು," ಎಂದರು.

"ಮುಂದೆ ಹಳ್ಳ ಇದೆ," ಎಂದ ಖಾಂಗ್. "ಹಿಡ್ಕೋ."

ರಸ್ತೆ ಎಷ್ಟು ದೂರ ನೋಡಿದರೂ ಸಪಾಟಾಗಿತ್ತು. ಲುವಾ ಗೇರಿನ ಮೇಲಿದ್ದ ಅವನ ಕೈಯನ್ನು ಹಿಡಿದುಕೊಂಡಳು.