ಮಹಡಿಯ ಫೋಲ್ಡರಿಗೆ ಬಿದ್ದ ಬೀಗ

"ನನ್ನ ಮಗಳ ದನಿ ಕಳುವಾಗೇತ್ರಿ."

ಭಾನುವಾರ ಮಧ್ಯಾಹ್ನ. ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಪ್ರಮಿಳಾ ಊಟದ ಡಬ್ಬಿ ಬಿಚ್ಚಿ ಕೂತಿದ್ದಳು. ತಲೆ ಎತ್ತಿದಳು. ಎದುರಿಗೆ ನಿಂತವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಆದರೆ ಗುಂಡಿಗಳನ್ನು ತಪ್ಪಿಸಿ, ಒಂದು ಕಾಜ ಕೆಳಗೆ ಹಾಕಿಕೊಂಡಿದ್ದ.

"ಕುಂದರ್ರಿ. ಮಗಳ ಏನು ಕಳುವಾಗೇತಿ?"

"ದನಿ. ರೆಕಾರ್ಡಿಂಗು."

ಹೆಸರು ಪರಾಗ. ಮನೆ ಬೆಳಗಾವಿಯ ಹಿಂದವಾಡಿ. ಕೆಲಸ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ; ವಾರವೆಲ್ಲ ಆ ಕಡೆಯೇ ಉಳಿದು ಭಾನುವಾರ ಮಾತ್ರ ರೈಲಿನಲ್ಲಿ ಮನೆಗೆ ಬರುತ್ತಾನೆ. ಮಗಳು ಮುಕ್ತಾ ಹೋದ ವರ್ಷ ಜ್ವರದಲ್ಲಿ ತೀರಿಕೊಂಡಿದ್ದಳು. ಒಂಬತ್ತನೇ ತರಗತಿಯ ಹುಡುಗಿ. ಮನೆಯಲ್ಲೇ 'ರೇಡಿಯೊ ಮುಕ್ತಾ' ಅಂತ ಕಾರ್ಯಕ್ರಮ ಮಾಡಿ ಧ್ವನಿಮುದ್ರಿಸಿ ಇಟ್ಟಿದ್ದಳು. ಮನೆಯ ಸುದ್ದಿ, ಓಣಿಯ ಸುದ್ದಿ, ಅಪ್ಪನ ಗೊರಕೆಯ ಹವಾಮಾನ ವರದಿ.

"ಎಲ್ಲಾ ಆಕಿ ಕಂಪ್ಯೂಟರಿನ್ಯಾಗ ಅದಾವು. ಅದು ಮ್ಯಾಲಿನ ಖೋಲಿಯಾಗೈತಿ. ಕೆಳಗ ನಂದೊಂದು ಕಂಪ್ಯೂಟರ್. ಒಂದ ವೈಫೈಗೆ ಜೋಡಿಸೇವಿ. ಆ ಫೋಲ್ಡರ್ ಶೇರ್ ಮಾಡಿತ್ತು. ನಾ ಭಾನುವಾರ ಬಂದು ಕೆಳಗ ಕೂತು ಕೇಳ್ತೀನಿ. ಇವತ್ತ ತೆರೀವಲ್ದು. ಯಾರೋ ಒಳಗ ಹೊಕ್ಕಾರ."

"ಮ್ಯಾಲ ಹೋಗಿ ನೋಡಿದ್ರೇನು?"

"ಮ್ಯಾಲ ಮನಿಯವರಿರ್ತಾರ."

"ಹಂಗಾರ ಅವರನ್ನ ಕೇಳಿದ್ರೇನು?"

ಪರಾಗ ಗೋಡೆಯ ಕಡೆ ನೋಡಿದ.

ಪ್ರಮಿಳಾಗೆ ಅರ್ಥವಾಯಿತು. ಮನೆಯ ಮೆಟ್ಟಿಲು ಹತ್ತಿ ಹೆಂಡತಿಯನ್ನು ಕೇಳುವ ಬದಲು ಈ ಮನುಷ್ಯ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದ. ಅವಳು ಡಬ್ಬಿ ಮುಚ್ಚಿದಳು.

* * *

ಹಿಂದವಾಡಿಯ ಮನೆ ಚೊಕ್ಕಟವಾಗಿತ್ತು. ಕೆಳಗಿನ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಕಂಪ್ಯೂಟರ್. ಅತಿಥಿಗಳಿಗೆ ಕೊಡುವ ಕೋಣೆಯ ಹಾಗೆ.

ಪ್ರಮಿಳಾ ಕುರ್ಚಿಯಲ್ಲಿ ಕೂತಳು. ವೈಫೈ ಡಬ್ಬಿಯ ದೀಪಗಳು ಸರಿಯಾಗಿದ್ದವು. ಒಮ್ಮೆ ಆರಿಸಿ ಹಚ್ಚಿದಳು. ನೆಟ್‌ವರ್ಕಿನ ಪಟ್ಟಿ ತೆರೆದಳು. ಮಹಡಿಯ ಕಂಪ್ಯೂಟರಿನ ಹೆಸರು ಅಲ್ಲೇ ಇತ್ತು. ಅದರ ಮೇಲೆ ಒತ್ತಿದಳು. ಹೆಸರು, ಪಾಸ್‌ವರ್ಡ್ ಕೇಳಿತು. ಹಳೆಯ ಪಾಸ್‌ವರ್ಡ್ ಪರಾಗನೇ ಹೊಡೆದ.

'ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ತಪ್ಪಾಗಿದೆ.'

"ನೋಡ್ರಿ," ಅಂದ ಪರಾಗ. "ಆಕಿ ದನಿ ನನ್ನ ಕಡೆ ಬ್ಯಾರೆ ಎಲ್ಲೂ ಇಲ್ಲ."

ಮೆಟ್ಟಿಲ ಮೇಲಿನ ತುದಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕುಮುದಿನಿ. ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಾಳೆ. ಗಂಡನ ಕಡೆ ನೋಡಲಿಲ್ಲ. ಪರಾಗನೂ ಕತ್ತು ಎತ್ತಲಿಲ್ಲ.

"ಬಾಯಾರ, ಮ್ಯಾಲಿನ ಕಂಪ್ಯೂಟರ್ ನೋಡಬಹುದೇನ್ರಿ?" ಪ್ರಮಿಳಾ ಅವಳನ್ನು ಕೇಳಿದಳು.

"ಅದನ್ನ ಇವತ್ತ ಹಚ್ಚೇ ಇಲ್ರಿ. ಪ್ರತಿ ಭಾನುವಾರ ಮುಂಜಾನೆ ನಾನ ಹಚ್ಚಿಡ್ತಿದ್ದೆ. ಇವತ್ತ ತಲಿ ನೋಯಾಕತ್ತಿತ್ತು. ಆ ಖೋಲಿಗೆ ಹೊರಗಿನವರು ಬರೂದು ನನಗ ಸೇರೂದಿಲ್ಲ."

"ಪಾಸ್‌ವರ್ಡ್ ಬದಲಾಗೇತಿ. ಯಾರಿಗೆ ಗೊತ್ತಿತ್ತು?"

"ಬಾಜು ಮನಿ ಅಮರಗ ವೈಫೈದು ಗೊತ್ತೈತಿ. ಆತನ್ನ ಕೇಳ್ರಿ."

ಕುಮುದಿನಿ ಒಳಗೆ ಹೋದಳು. ಚಿಲಕ ಬಿದ್ದ ಸದ್ದು.

ಪ್ರಕರಣ ದಾಖಲಾಗಿರಲಿಲ್ಲ. ಬಾಗಿಲು ತೆಗೆಸುವ ಹಕ್ಕು ಪ್ರಮಿಳಾಗೆ ಇರಲಿಲ್ಲ. ತೆಗೆಸುವ ಮನಸ್ಸೂ ಆಗಲಿಲ್ಲ.

* * *

ಅಮರ ಬನಿಯನ್ನಿನಲ್ಲೇ ಬಾಗಿಲು ತೆರೆದ. ಪೊಲೀಸ್ ಅಂದ ಕೂಡಲೇ ಒಳಗೆ ಓಡಿ ಅಂಗಿ ಹಾಕಿಕೊಂಡು ಬಂದ.

"ಅವರ ವೈಫೈ ಬಳಸ್ತೀನಿ ಖರೇ ಮೇಡಂ. ಪರಾಗ ಅವರ ಕೊಟ್ಟಾರ. ಕ್ರಿಕೆಟ್ ನೋಡ್ತೀನಿ, ಅಷ್ಟ. ಆ ಕೂಸಿನ ದನಿ ಕದ್ದು ನಾ ಏನ್ ಉಪ್ಪಿನಕಾಯಿ ಹಾಕ್ಲಿ?"

"ಲ್ಯಾಪ್‌ಟಾಪ್ ತಗೊಂಬರ್ರಿ."

ಪ್ರಮಿಳಾ ಹುಡುಕಿದಳು. ಅಮರನ ಲ್ಯಾಪ್‌ಟಾಪಿನಲ್ಲೂ ಮಹಡಿಯ ಕಂಪ್ಯೂಟರಿನ ಹೆಸರು ಕಾಣುತ್ತಿತ್ತು. ಒತ್ತಿದರೆ ಅದೇ ಪ್ರಶ್ನೆ. ಅವನು ಎಂದೂ ಒಳಗೆ ಹೋದ ಗುರುತಿರಲಿಲ್ಲ. ವೈಫೈ ಗೊತ್ತಿದ್ದರೆ ಅಂಗಳಕ್ಕೆ ಬಂದ ಹಾಗೆ. ಕೋಣೆಯ ಬೀಗ ಬೇರೆ. ಆ ಬೀಗ ಬದಲಿಸಬೇಕಾದರೆ ಆ ಯಂತ್ರದ ಎದುರಿಗೇ ಕೂರಬೇಕು.

"ಮೇಡಂ, ಒಂದು ಮಾತು," ಅಮರ ದನಿ ಇಳಿಸಿದ. "ಆ ಮನಿಯಾಗ ಗಂಡ ಹೆಂಡ್ತಿ ಮಾತ ಆಡೂದಿಲ್ಲ. ಭಾನುವಾರ ಕೆಳಗಿನ ಖೋಲಿಯಾಗ ಮುಕ್ತಾನ ದನಿ ಕೇಳ್ತದ. ಮ್ಯಾಲಿನ ಖಿಡಕಿಯಾಗ ಬಾಯಾರು ನಿಂತಿರ್ತಾರ. ಎಂಥಾ ಮನಿ ಅದು? ಆ ದನಿ ಬಂದಾಗ ನಾ ಟಿವಿ ಸಪ್ಪಳ ಸಣ್ಣ ಮಾಡ್ತೀನಿ."

ಪರಾಗನ ಮನೆಯ ಗೇಟಿನ ಬಳಿ ಮನೆಗೆಲಸದ ಸತ್ಯವ್ವ ಕಾಯುತ್ತಿದ್ದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಮೇಡಂ, ನಾ ಕಸ ಹೊಡೀತೀನಿ ಖರೆ, ಆ ಮಿಸಿನ್ ಮುಟ್ಟಿಲ್ರಿ. ನಮ್ಮವ್ವನ ಆಣಿ."

"ನಿನ್ನ ಮ್ಯಾಲ ಯಾರ ಸಂಶೆ ಮಾಡ್ಯಾರ? ಸಾಹೇಬ್ರ ಬಗ್ಗೆ ಹೇಳು."

"ಏನ್ ಹೇಳ್ಲಿ? ಮದಲ ಅವರು ಹೋಗೂಮುಂದ ಹೊಸ್ತಿಲದಾಗ ನಿಂತು 'ಯೇತೋ' ಅಂದ್ರ ಓಣಿಗೆಲ್ಲಾ ಕೇಳ್ತಿತ್ತು. ಬಾಯಾರು ಮ್ಯಾಲಿಂದ 'ಬರ್ರಿ' ಅಂತಿದ್ರು. ಅವರದು ಮರಾಠಿ, ಇವರದು ಕನ್ನಡ. ಕೂಸು ಎರಡೂ ಅಣಗಸ್ತಿತ್ತು. ಈಗ ಗೇಟಿನ ಸಪ್ಪಳ ಅಷ್ಟ." ಮನೆಯ ಕಡೆ ಒಮ್ಮೆ ನೋಡಿದಳು. "ಹ್ವಾದ ವಾರ ಸಾಹೇಬ್ರು ಒಂದು ಕರೀ ಡಬ್ಬಿ ಹಚ್ಚಿ ಕುಂತಿದ್ರು. ಮಿಣಿಮಿಣಿ ದೀಪ ಇತ್ತು ಅದಕ್ಕ."

"ಕರೀ ಡಬ್ಬಿ? ಬಾಯಾರಿಗೆ ಗೊತ್ತೈತೇನು?"

"ನಾನ ಅವತ್ತ ಅವರಿಗೆ ಹೇಳೇನ್ರಿ."

ಪರಾಗ ಠಾಣೆಯಲ್ಲಿ ಆ ಡಬ್ಬಿಯ ಮಾತೇ ಎತ್ತಿರಲಿಲ್ಲ. ಪ್ರಮಿಳಾ ಮತ್ತೆ ಮನೆಯೊಳಗೆ ಇಣುಕಿದಳು. ಕೆಳಗಿನ ಕೋಣೆ ಖಾಲಿ. ದೂರು ಕೊಟ್ಟವನು ಯಾರಿಗೂ ಹೇಳದೆ ರೈಲಿಗೆ ಹೋಗಿಬಿಟ್ಟಿದ್ದ.

* * *

ಮರುದಿನ ಪ್ರಮಿಳಾ ಖಾನಾಪುರಕ್ಕೆ ಹೋದಳು. ಪರಾಗ ಕಾರ್ಖಾನೆಯಲ್ಲಿ ಸಿಗಲಿಲ್ಲ. ರಜೆ ಹಾಕಿದ್ದಾನೆ, ಗುಂಜಿಯ ಬಾಡಿಗೆ ಕೋಣೆಯಲ್ಲಿ ಇರುತ್ತಾನೆ ಅಂದರು.

ಗುಂಜಿಯ ಸ್ಟೇಷನ್ನಿನ ಆಚೆ ಕಾಡು ಶುರುವಾಗುತ್ತದೆ. ಕೋಣೆಯ ಕಿಟಕಿ ಕಾಡಿನ ಕಡೆಗೇ ಇತ್ತು. ಒಳಗೆ ಹೊಸ ಒಲೆ, ಹೊಸ ಕುಕ್ಕರ್, ಹೊಸ ಚಾದರ. ಎಲ್ಲ ಒಬ್ಬರಿಗೆ ಸಾಕಾಗುವಷ್ಟು. ಮೇಜಿನ ಮೇಲೆ ಕಪ್ಪು ಹಾರ್ಡ್ ಡಿಸ್ಕ್.

"ಇದನ್ನ ಯಾಕ ಮುಚ್ಚಿಟ್ರಿ?"

ಪರಾಗ ತಡವರಿಸಿದ. "ಕಾಪಿ ಮಾಡ್ಕೊಳ್ಳಾಕತ್ತಿದ್ದೆ. ಹ್ವಾದ ವಾರ ಅರ್ಧಾ ಆತು. ಅಷ್ಟರಾಗ ಗಾಡಿ ಹೊತ್ತಾತು. ಉಳಿದಿದ್ದು ಈ ವಾರ ಮಾಡಬೇಕಿತ್ತು."

"ಆಮ್ಯಾಲ?"

"ಆಮ್ಯಾಲ ಬರೂ ಕಾರಣ ಇರ್ತಿರಲಿಲ್ಲ." ಕುಕ್ಕರಿನ ಮುಚ್ಚಳವನ್ನು ಸುಮ್ಮನೆ ಸರಿಪಡಿಸಿದ. "ನಾ ಬಂದ್ರ ಆಕಿ ಮ್ಯಾಲ ಹೋಗ್ತಾಳ. ಮುಕ್ತಾ ಹ್ವಾದ ಮ್ಯಾಲ ಒಬ್ಬರ ಮಾರಿ ಒಬ್ಬರು ನೋಡಿದ್ರ ಅಳು ಬರ್ತದ. ಅಳೂದು ಬ್ಯಾಡಂತ ಮಾತು ಬಿಟ್ವಿ. ಆಮ್ಯಾಲ ಮಾತಾಡೂದ ಮರತು ಹೋತು."

ಪ್ರಮಿಳಾಳ ಫೋನು ಕಿಣಿಕಿಣಿ ಅಂದಿತು. ಅನಗೋಳದ ತನ್ನ ಮನೆಯಿಂದ ತನ್ನ ಮಗಳ ಧ್ವನಿ ಸಂದೇಶ. ಜಾಗ ತುಂಬಿದೆ, ಅಳಿಸಿ, ಎಂದು ಫೋನು ಹೇಳುತ್ತಿತ್ತು. ಅವಳು ಇಂಥವನ್ನು ಕೇಳದೆಯೇ ಅಳಿಸುವುದುಂಟು. ಬೆರಳು ಅಲ್ಲಿಗೇ ಹೋಯಿತು. ನಿಂತಿತು.

ಯಂತ್ರ ಏನೋ ಹೇಳುತ್ತಿದೆ. ಯಂತ್ರ ಹೇಳಬೇಕಾದರೆ ಅದು ಎಚ್ಚರವಾಗಿರಬೇಕು.

ನಿನ್ನೆ ಮಹಡಿಯ ಕಂಪ್ಯೂಟರ್ ಏನು ಹೇಳಿತ್ತು? ಪಾಸ್‌ವರ್ಡ್ ತಪ್ಪು.

"ಏಳ್ರಿ," ಅಂದಳು ಪ್ರಮಿಳಾ. "ಡಬ್ಬಿ ತಗೋರಿ. ಬೆಳಗಾವಿಗೆ ಹೋಗೂಣು."

* * *

ಸಂಜೆ ಕುಮುದಿನಿ ಶಾಲೆಯಿಂದ ಬಂದು ಆಗಷ್ಟೇ ಮೆಟ್ಟಿಲು ಹತ್ತುತ್ತಿದ್ದಳು. ಪ್ರಮಿಳಾಳ ಹಿಂದೆ ಗಂಡನನ್ನು ಕಂಡು ನಡುಮೆಟ್ಟಿಲಲ್ಲೇ ನಿಂತಳು. ಸೋಮವಾರ ಅವನು ಬಂದದ್ದು ಎಂದೂ ಇಲ್ಲ.

"ಕಳ್ಳ ಸಿಕ್ಕನೇನ್ರಿ?"

"ಸಿಕ್ಕಾರ. ಬೀಗ ಹಾಕಿದವರು ನೀವ."

ಕುಮುದಿನಿ ಮೆಟ್ಟಿಲ ಕಂಬಿ ಹಿಡಿದುಕೊಂಡಳು.

"ನಿನ್ನೆ ಕಂಪ್ಯೂಟರ್ ಹಚ್ಚೇ ಇಲ್ಲ ಅಂದ್ರಿ. ಬಂದ್ ಇದ್ದ ಯಂತ್ರ 'ಪಾಸ್‌ವರ್ಡ್ ತಪ್ಪು' ಅನ್ನೂದಿಲ್ರಿ. ಪಟ್ಟಿಯಾಗ ಅದರ ಹೆಸರೂ ಬರಂಗಿಲ್ಲ. ಸುಮ್ನ ಇರ್ತದ. ನಿಮ್ಮದು ಒಲ್ಲೆ ಅಂತು. ಅಂದ್ರ ಚಾಲೂ ಇತ್ತು. ಮ್ಯಾಲ ಇದ್ದವರು ನೀವೊಬ್ರ. ಹಚ್ಚಿದವರು ಯಾರು?"

ಪ್ರಮಿಳಾ ಎರಡು ಮೆಟ್ಟಿಲು ಹತ್ತಿದಳು.

"ಅಮರ ಮಾಡಾಕ ಬರಂಗಿಲ್ಲ. ಬೀಗ ಬದಲಸಾಕ ಮ್ಯಾಲ ಹತ್ತಬೇಕು. ಇವರ ಮ್ಯಾಲೂ ನನಗ ಸಂಶೆ ಬಂದಿತ್ತು, ಡಬ್ಬಿ ಮುಚ್ಚಿಟ್ಟಿದ್ದಕ್ಕ. ಆದ್ರ ಅರ್ಧಾ ಕಾಪಿ ಆದವರು ತಾವ ಯಾಕ ಬೀಗ ಹಾಕ್ತಾರ? ಸತ್ಯವ್ವ ನಿಮಗ ಆ ಡಬ್ಬಿ ಬಗ್ಗೆ ಹೇಳಿದ್ಲು. ಪೂರಾ ಕಾಪಿ ಆದ್ರ ಇವರು ಮತ್ತ ಬರಂಗಿಲ್ಲ ಅಂತ ನಿಮಗ ಗೊತ್ತಾತು. ಹೌದಲ್ಲ?"

"ದನಿ ನಾ ಅಳಿಸಿಲ್ಲ," ಅಂದಳು ಕುಮುದಿನಿ. ಮೊದಲ ಸಲ ಗಂಡನ ಕಡೆ ತಿರುಗಿ ಅಂದಳು. "ಎಲ್ಲಾ ಐತಿ. ಹಂಗ ಐತಿ."

"ಹಂಗಾರ ಯಾಕ?" ಪರಾಗ ಕೇಳಿದ.

"ತೆರೀಲಿಲ್ಲ ಅಂದ್ರ ಮ್ಯಾಲ ಬಂದು ಕೇಳ್ತೀರಿ ಅಂದ್ಕೊಂಡೆ." ಅವಳು ಕಂಬಿಯಿಂದ ಕೈ ತೆಗೆದಳು. "ನೀವು ಪೊಲೀಸರನ್ನ ಕರಕೊಂಬಂದ್ರಿ."

* * *

ಮುಕ್ತಾಳ ಕೋಣೆಯಲ್ಲಿ ಗೋಡೆಗೆ ಇನ್ನೂ ಶಾಲೆಯ ವೇಳಾಪಟ್ಟಿ ಇತ್ತು. ಪ್ರಮಿಳಾ ಕಂಪ್ಯೂಟರಿನಲ್ಲಿ ಹಳೆಯ ಪಾಸ್‌ವರ್ಡ್ ಹೊಡೆದಳು. ತಪ್ಪು. ಕೆಳಗೆ ಸುಳಿವಿನ ಒಂದು ಸಾಲು ಮೂಡಿತು. ಕೆಳಗಿನ ಕೋಣೆಯಿಂದ ಎಷ್ಟು ಸಲ ಹೊಡೆದರೂ ಈ ಸಾಲು ಕಾಣುವುದಿಲ್ಲ. ಈ ಯಂತ್ರದ ಎದುರು ಬಂದು ಕೂತವರಿಗೆ ಮಾತ್ರ ಕಾಣುತ್ತದೆ.

'ಹೋಗೂಮುಂದ ಅಂತಿದ್ರೆಲ್ಲ, ಅದು.'

ಪ್ರಮಿಳಾ ಇಂಗ್ಲಿಷ್ ಅಕ್ಷರಗಳಲ್ಲಿ 'ಬರ್ತೀನಿ' ಎಂದು ಹೊಡೆದಳು. ತಪ್ಪು. ಅವಳ ಮನೆಯಲ್ಲಿ ಹೊರಡುವವರು ಅನ್ನುವುದು ಅದನ್ನೇ. ಆಗ ಗೇಟಿನ ಬಳಿ ಸತ್ಯವ್ವ ಆಡಿದ ಮಾತು ನೆನಪಾಯಿತು. ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು.

"ಇದು ನನ್ನ ಭಾಷಾದಾಗ ಇಲ್ಲ. ನೀವ ಕುಂದರ್ರಿ."

ಪರಾಗ ಪರದೆಯ ಸಾಲನ್ನು ಬಹಳ ಹೊತ್ತು ನೋಡಿದ. ಆಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ ಹೊಡೆದ. ಯೇತೋ. ಮರಾಠಿಯಲ್ಲಿ, ಬರುತ್ತೇನೆ ಅಂತ. ಪರದೆ ತೆರೆದುಕೊಂಡಿತು.

ಸ್ಪೀಕರಿನಲ್ಲಿ ಒಂದು ಪುಟ್ಟ ಗಂಟಲು ಸರಿಮಾಡಿಕೊಂಡಿತು. "ಇದು ರೇಡಿಯೊ ಮುಕ್ತಾ. ಮುಖ್ಯ ಸುದ್ದಿ. ನಮ್ಮಪ್ಪ ಇವತ್ತೂ ಅಂಗಿ ಗುಂಡಿ ತಪ್ಪಿಸಿ ಹಾಕ್ಯಾರ."

ಕುಮುದಿನಿ ಗಂಡನ ಅಂಗಿಯ ಕಡೆ ನೋಡಿದಳು. ನೋಡಿ, ಕಿಟಕಿಯ ಕಡೆ ತಿರುಗಿಕೊಂಡಳು. ಕೈ ಮುಂದೆ ಬರಲಿಲ್ಲ. ಇಬ್ಬರ ನಡುವೆ ಇನ್ನೂ ಅಷ್ಟು ದೂರ ಇತ್ತು.

"ಉಳಿದಿದ್ದೂ ಕಾಪಿ ಮಾಡ್ಕೋರಿ," ಅಂದಳು. "ನಾ ಅಡ್ಡ ಬರೂದಿಲ್ಲ."

ಪರಾಗ ಕಪ್ಪು ಡಬ್ಬಿಯನ್ನು ಕೈಯಲ್ಲಿ ಹೊರಳಿಸಿದ. ಮತ್ತೆ ಚೀಲಕ್ಕೆ ಹಾಕಿದ. "ಇವತ್ತ ಬ್ಯಾಡ. ಭಾನುವಾರ ನೋಡೂಣು."

ಪ್ರಮಿಳಾ ಮೆಲ್ಲಗೆ ಮೆಟ್ಟಿಲು ಇಳಿದಳು. ಗೇಟಿನ ಹೊರಗೆ ಸ್ಕೂಟರ್ ಮೇಲೆ ಕೂತು ಫೋನು ತೆಗೆದಳು. ಮಗಳ ಸಂದೇಶ ಕಿವಿಗಿಟ್ಟಳು. "ಅವ್ವಾ, ಯಾವಾಗ ಬರ್ತಿ?" ಅಷ್ಟೇ. ಅಳಿಸಲಿಲ್ಲ.

ಪರಾಗ ಕೆಳಗೆ ಬಂದ. ಚಪ್ಪಲಿ ಮೆಟ್ಟಿದ. ಹೊಸ್ತಿಲಲ್ಲಿ ನಿಂತ. ಗೇಟು ಎದುರಿಗೇ ಇತ್ತು. ಅವನು ಕದಲಲಿಲ್ಲ. ತುಟಿ ಅಲುಗಿತು. ಏನಂದನೋ, ಪ್ರಮಿಳಾಗೆ ಕೇಳಿಸಲಿಲ್ಲ.

ಮಹಡಿಯ ಕಿಟಕಿ ತೆರೆಯಿತು.

"ಏನಂದ್ರಿ? ಕೇಳಿಸ್ಲಿಲ್ಲ."

ಪರಾಗ ಮತ್ತೊಮ್ಮೆ ಅಂದ, ಓಣಿಗೆಲ್ಲಾ ಕೇಳುವ ಹಾಗೆ. ಬಾಜು ಮನೆಯಲ್ಲಿ ಅಮರನ ಟಿವಿಯ ಸಪ್ಪಳ ಸಣ್ಣದಾಯಿತು.